ನೀಲಿ ಇರುವೆ ಹೊಸದು ಎಂದು ಗೊತ್ತಾಗಿದ್ದು ಹೇಗೆ?

ಅರುಣಾಚಲ ಪ್ರದೇಶದ ಸಿಯಾಂಗ್ ಕಣಿವೆಯ ಯಿಂಗ್ಕು ಹಳ್ಳಿಯ ಬಳಿ ದನ ಓಡಾಡುವ ಕಡಿದಾದ ದಾರಿಯೊಂದಿದೆ. ಅಲ್ಲಿನ ಮರವೊಂದರ ಪೊಟರೆಯಲ್ಲಿ, ಸುಮಾರು ಹತ್ತು ಅಡಿ ಎತ್ತರದಲ್ಲಿ, ಮುಸ್ಸಂಜೆ ಹೊತ್ತಿಗೆ ಏನೋ ಮಿನುಗಿತು. ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಸಂಶೋಧಕರು ಅದನ್ನು ಕೀಟ ಹೀರುವ ಕೊಳವೆಯಿಂದ ಹಿಡಿದರು. ಸಿಕ್ಕಿದ್ದು ಎರಡು ಕೀಟ. ನೋಡಿದರೆ ಇರುವೆ! ಉದ್ದ ಎರಡು ಮಿಲಿಮೀಟರ್ ಕೂಡ ಇಲ್ಲ, ಮೈಯೆಲ್ಲ ಲೋಹದ ಹೊಳಪಿನ ನೀಲಿ. ಆರ್. ಸಹನಶ್ರೀ, ಪ್ರಿಯದರ್ಶನನ್ ಧರ್ಮರಾಜನ್ ಮತ್ತು ಅಶ್ವಜ್ ಪುನ್ನತ್ 2024ರಲ್ಲಿ 'ಝೂಕೀಸ್' ಪತ್ರಿಕೆಯಲ್ಲಿ ಅದಕ್ಕೆ 'ಪ್ಯಾರಾಪ್ಯಾರಾಟ್ರೆಕಿನಾ ನೀಲಾ' ಎಂದು ಹೆಸರಿಟ್ಟರು.

ಹಿಡಿದದ್ದು ಒಂದು ಸಂಜೆಯ ಕೆಲಸ. ಆದರೆ ಇದು ಹೊಸ ಪ್ರಭೇದ ಎನ್ನಬೇಕಾದರೆ ಹಳೆಯವು ಯಾವುವು ಎಂದು ಮೊದಲು ಗೊತ್ತಿರಬೇಕು, ಅಲ್ವಾ? ನಮ್ಮ ದೇಶದ ಇರುವೆಗಳ ಮಟ್ಟಿಗೆ ಆ ಹಳೆಯ ಲೆಕ್ಕ ಸಾಕಷ್ಟು ಗೋಜಲು.

ದಕ್ಷಿಣ ಭಾರತದ ಇರುವೆಗಳ ಮೊದಲ ದೊಡ್ಡ ಪಟ್ಟಿ ಮಾಡಿದ್ದು ಥಾಮಸ್ ಜೆರ್ಡನ್, 1851ರಲ್ಲಿ. ಮದ್ರಾಸ್ ಸೇನೆಯ ವೈದ್ಯರಾಗಿದ್ದ ಅವರು ಹಕ್ಕಿಗಳ ಅಧ್ಯಯನದಿಂದ ಹೆಚ್ಚು ಹೆಸರಾದವರು. ಬೇಟೆ ಕಂಡರೆ ಜಿಗಿಯುವ, ನಮ್ಮ ಕಾಡುಗಳ 'ಹಾರ್ಪೆಗ್ನಾಥೋಸ್ ಸಾಲ್ಟೇಟರ್' ಎಂಬ ಇರುವೆ ಅವರ ಪಟ್ಟಿಯದೇ. 2010ರಲ್ಲಿ ಅದರ ಜೀನೋಮ್, ಅಂದರೆ ಇಡೀ ಡಿಎನ್‌ಎ ಬರಹ, ಪ್ರಕಟವಾಯಿತು. ಇರುವೆಗಳಲ್ಲಿ ಆ ಭಾಗ್ಯ ಮೊದಲು ಕಂಡ ಎರಡು ಪ್ರಭೇದಗಳಲ್ಲಿ ಅದೂ ಒಂದು. ಆದರೆ ಜೆರ್ಡನ್ ವಿವರಿಸಿದ ಬಹುತೇಕ ಇರುವೆಗಳ ಮೂಲ ಮಾದರಿಗಳೇ, ಅಂದರೆ ಹೆಸರಿಡುವಾಗ ಆಧಾರವಾಗಿದ್ದ ಕೀಟಗಳೇ, ಇವತ್ತು ಸಿಗುವುದಿಲ್ಲ. ಉಳಿದಿರುವುದು ನಾಲ್ಕಾರು ಸಾಲಿನ ಬರಹ. ಆ ಸಾಲುಗಳಿಗೆ ಎರಡು ಮೂರು ಬೇರೆ ಬೇರೆ ಇರುವೆಗಳು ಹೊಂದಿಬಿಟ್ಟರೆ ಯಾರನ್ನು ಕೇಳುವುದು?

ಆಮೇಲೆ ಬಂದವರು ಸ್ವಿಟ್ಜರ್ಲೆಂಡಿನ ಆಗಸ್ಟ್ ಫೋರೆಲ್. ವೃತ್ತಿಯಲ್ಲಿ ಮನೋವೈದ್ಯರು, ಜ್ಯೂರಿಕ್‌ನ ಆಸ್ಪತ್ರೆಯೊಂದರ ಮುಖ್ಯಸ್ಥರು. ಬಾಂಬೆ ಪ್ರಾಂತ್ಯದ ಅರಣ್ಯ ಅಧಿಕಾರಿ ರಾಟನ್ ಮತ್ತಿತರರು ಇರುವೆ ಹಿಡಿದು ಕಳಿಸುತ್ತಿದ್ದರು, ಫೋರೆಲ್ ಅವಕ್ಕೆ ಹೆಸರಿಡುತ್ತಿದ್ದರು. ಅವರು ಫ್ರೆಂಚ್‌ನಲ್ಲಿ ಬರೆದ ಭಾರತ ಮತ್ತು ಸಿಲೋನಿನ ಇರುವೆಗಳ ಲೇಖನಮಾಲೆ 1892ರಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲೇ ಬಂತು. ಫೋರೆಲ್ ಸಂಗ್ರಹ ಈಗ ಇರುವುದು ಜಿನೀವಾದಲ್ಲಿ. 1903ರಲ್ಲಿ ಇಲ್ಲಿನ ಇರುವೆಗಳ ಬಗ್ಗೆ ಬ್ರಿಟಿಷ್ ಸೇನಾಧಿಕಾರಿ ಬಿಂಗ್‌ಹ್ಯಾಮ್ ಇಂಗ್ಲಿಷಿನಲ್ಲಿ ಬರೆದ ಸಂಪುಟ ಬಂದ ಮೇಲೆ ಇಲ್ಲಿಯವರಿಗೆ ಕೆಲಸ ಸ್ವಲ್ಪ ಸುಲಭವಾಯಿತು. ಆದರೂ ಅನುಮಾನ ಬಂದರೆ ಮೂಲ ಮಾದರಿ ನೋಡಲು ಯುರೋಪಿಗೇ ಹೋಗಬೇಕಿತ್ತು, ಇಲ್ಲವೇ ಅಂಚೆಯಲ್ಲಿ ತರಿಸಿಕೊಳ್ಳಬೇಕಿತ್ತು.

ಮೂಲ ಮಾದರಿಗೆ ಯಾಕಿಷ್ಟು ಬೆಲೆ? ಹೆಸರು ಅಂಟಿಕೊಂಡಿರುವುದು ಅದಕ್ಕೇ. ಎಷ್ಟೇ ಚೆನ್ನಾಗಿ ಬರೆದರೂ ವಿವರಣೆ ನಾಳೆ ಸಾಲದೆ ಬರಬಹುದು. ಆದರೆ ಮಾದರಿಯನ್ನು ಮತ್ತೆ ಸೂಕ್ಷ್ಮದರ್ಶಕದ ಕೆಳಗೆ ಇಡಬಹುದು. ಜೆರ್ಡನ್ ಕಾಲದಲ್ಲಿ ಇಂಥ ಕಟ್ಟುಪಾಡು ಇರಲಿಲ್ಲ. ಈಗ ಪ್ರಾಣಿನಾಮಕರಣದ ಅಂತರರಾಷ್ಟ್ರೀಯ ನಿಯಮಾವಳಿ ಬಿಗಿಯಾಗಿದೆ. 2000ದಿಂದ ಈಚೆಗೆ ಬಂದ ಯಾವ ಹೊಸ ಪ್ರಭೇದಕ್ಕೂ ಮೂಲ ಮಾದರಿ ಯಾವುದು ಎಂದು ಸ್ಪಷ್ಟವಾಗಿ ಗುರುತಿಸಲೇಬೇಕು. ಇಲ್ಲದಿದ್ದರೆ ಆ ಹೆಸರು ಲೆಕ್ಕಕ್ಕೇ ಇಲ್ಲ. ಇನ್ನೊಂದು ಅನುಕೂಲ 2002ರಲ್ಲಿ ಶುರುವಾದ ಆಂಟ್‌ವೆಬ್ ಎಂಬ ಇರುವೆಗಳ ಜಾಲತಾಣ. ಹಳೆಯ ಮಾದರಿಗಳ ತಲೆ, ಪಕ್ಕ, ಬೆನ್ನಿನ ಸ್ಪಷ್ಟ ಚಿತ್ರಗಳು ಅಲ್ಲಿ ಯಾರಿಗೂ ಸಿಗುತ್ತವೆ. ನನ್ನ ಪ್ರಕಾರ ನಮ್ಮಂಥ ದೇಶಗಳ ಇರುವೆ ಅಧ್ಯಯನಕ್ಕೆ ಡಿಎನ್‌ಎ ಪರೀಕ್ಷೆಗಿಂತ ಇದರಿಂದಲೇ ಜಾಸ್ತಿ ಉಪಕಾರವಾಗಿದೆ.

ನೀಲಿ ಇರುವೆಯ ಕುಲದ, ಅಂದರೆ ಹತ್ತಿರದ ನಂಟಿರುವ ಪ್ರಭೇದಗಳ ಗುಂಪಾದ ಪ್ಯಾರಾಪ್ಯಾರಾಟ್ರೆಕಿನಾದ, ಕಥೆಯೂ ನೇರವಾಗಿಲ್ಲ. ಭಾರತ ಉಪಖಂಡದಿಂದ ಈ ಕುಲದ ಒಂದೇ ಒಂದು ಪ್ರಭೇದ ಗೊತ್ತಿತ್ತು. ಅದು 1902ರಲ್ಲಿ ಫೋರೆಲ್ ವಿವರಿಸಿದ 'ಅಸೆಟಾ'. ಅಲ್ಲಿಂದ ನೀಲಾ ಬರುವತನಕ ನೂರಿಪ್ಪತ್ತಕ್ಕೂ ಹೆಚ್ಚು ವರ್ಷ ಹೊಸದೇನೂ ಸೇರಲಿಲ್ಲ. ಹಾಗಂತ ಆ ಕುಲ ಸುಮ್ನೆ ಕೂತಿರಲಿಲ್ಲ. ಅದರ ಇರುವೆಗಳು ಎಷ್ಟೋ ಕಾಲ ಪ್ಯಾರಾಟ್ರೆಕಿನಾ ಎಂಬ ದೊಡ್ಡ ಕುಲದೊಳಗೆ ಸೇರಿಹೋಗಿದ್ದವು. ಮನೆಗಳಲ್ಲಿ ಅಡ್ಡಾದಿಡ್ಡಿ ಓಡುವ ಉದ್ದ ಮೀಸೆಯ ಕಪ್ಪಿರುವೆಯೂ ಅದೇ ಕುಲದ್ದು. 2010ರಲ್ಲಿ ಲಾಪೊಲ್ಲಾ, ಬ್ರೇಡಿ ಮತ್ತು ಶಾಟಕ್ ಎಂಬ ಸಂಶೋಧಕರು ಡಿಎನ್‌ಎ ಹೋಲಿಸಿ ನೋಡಿ ಆ ದೊಡ್ಡ ಕುಲವನ್ನು ಒಡೆದರು. ಪ್ಯಾರಾಪ್ಯಾರಾಟ್ರೆಕಿನಾ ಬೇರೆ ಕುಲವಾಯಿತು.

ಸಿಯಾಂಗ್‌ಗೇ ಯಾಕೆ ಹೋದರು ಎಂಬುದಕ್ಕೂ ಹಳೆಯ ನಂಟಿದೆ. 1911-12ರಲ್ಲಿ ಬ್ರಿಟಿಷರು ಅಲ್ಲಿನ ಆದಿ ಜನರ ಮೇಲೆ ದಂಡೆತ್ತಿ ಹೋದರು. ಆ ಸೇನೆಯ ಜೊತೆ ಕಲ್ಕತ್ತಾದ ಇಂಡಿಯನ್ ಮ್ಯೂಸಿಯಮ್ಮಿನ ಸ್ಟ್ಯಾನ್ಲಿ ಕೆಂಪ್ ಎಂಬ ಪ್ರಾಣಿವಿಜ್ಞಾನಿಯೂ ಇದ್ದರು. ಊರು ಸುಡಲು ಹೊರಟ ಸೈನ್ಯದ ಬೆನ್ನಿಗೆ ಹುಳ ಹಿಡಿಯುವವರು! ಅವರ ಸಂಗ್ರಹದ ವಿವರಗಳು 1912ರಿಂದ ಹತ್ತು ವರ್ಷ ಪ್ರಕಟವಾಗುತ್ತಲೇ ಇದ್ದವು. ನೂರು ವರ್ಷದ ಮೇಲೆ ಏಟ್ರೀ ತಂಡ ಅದೇ ಕಣಿವೆಯನ್ನು ಮತ್ತೆ ದಾಖಲಿಸಲು ಹೋದಾಗ ನೀಲಿ ಇರುವೆ ಕಣ್ಣಿಗೆ ಬಿತ್ತು.

ಬಣ್ಣ ನೋಡಿಯೇ ಹೊಸದು ಎಂದುಬಿಟ್ಟರೇ? ಇಲ್ಲ. ಇರುವೆಗಳಲ್ಲಿ ಬಣ್ಣವನ್ನು ನಂಬುವ ಹಾಗಿಲ್ಲ, ಒಂದೇ ಗೂಡಿನಲ್ಲೂ ಕಂದು ಹೆಚ್ಚು ಕಡಿಮೆ ಇರುತ್ತದೆ. ಹೆಚ್ಚುಕಮ್ಮಿ ತ್ರಿಕೋನದ ತಲೆ, ದೊಡ್ಡ ಕಣ್ಣು, ಐದು ಹಲ್ಲಿನ ದವಡೆ, ಮೈಮೇಲಿನ ರೋಮ, ಇವೆಲ್ಲ ಸೇರಿ ತೀರ್ಪು ಕೊಡುತ್ತವೆ. ಆದರೂ ಈ ನೀಲಿಯನ್ನು ಕಡೆಗಣಿಸುವಂತಿಲ್ಲ. ಮೀಸೆ, ದವಡೆ, ಕಾಲು ಬಿಟ್ಟು ಮೈಯೆಲ್ಲ ನೀಲಿ ಇರುವುದು ಇರುವೆಗಳಲ್ಲಿ ತೀರಾ ಅಪರೂಪ. ಕೀಟಗಳಲ್ಲಿ ನೀಲಿ ಸಾಮಾನ್ಯವಾಗಿ ಬಣ್ಣದ ಕಣಗಳಿಂದ ಬರುವುದಲ್ಲ, ಹೊರಕವಚದ ಅತಿಸೂಕ್ಷ್ಮ ರಚನೆ ಬೆಳಕನ್ನು ಚದುರಿಸುವುದರಿಂದ ಬರುತ್ತದೆ. ಈ ಬಣ್ಣದಿಂದ ಇರುವೆಗೆ ಏನು ಲಾಭ, ಒಂದನ್ನೊಂದು ಗುರುತಿಸುವುದಕ್ಕೋ ಮರೆಯಾಗುವುದಕ್ಕೋ ಎಂಬ ಪ್ರಶ್ನೆಯನ್ನು ಸಂಶೋಧಕರೇ ಮುಂದಿಟ್ಟಿದ್ದಾರೆ. ಎರಡು ಇರುವೆ ಇಟ್ಟುಕೊಂಡು ಅದಕ್ಕೆ ಉತ್ತರ ಹೇಳಲಾಗದು, ಗೂಡೇ ಸಿಗಬೇಕು.