ಮೆಲ್ಲಗೆ ಮುಚ್ಚಿದರೆ ಮುನಿಯುವ ಕೋವಿ

ಅಮೆರಿಕದಲ್ಲಿ ಟರ್ಕಿ ಕೋಳಿಯ ಬೇಟೆಗೆ ಹೋಗುವವರು ಬೆಳಕು ಹರಿಯುವ ಮೊದಲೇ ಯಾವುದೋ ಮರದ ಬುಡದಲ್ಲಿ ಕೂತಿರುತ್ತಾರೆ. ಟರ್ಕಿಯ ಕಿವಿ ಬಲು ಚುರುಕು. ಸದ್ದಾಗಬಾರದೆಂದು ಕೋವಿಯ ಬೋಲ್ಟನ್ನು, ಅಂದರೆ ತೋಟಾದ ಹಿಂದೆ ಕೂತು ಬ್ಯಾರಲ್ಲಿನ ಹಿಂಬದಿ ಮುಚ್ಚುವ ಉಕ್ಕಿನ ತುಂಡನ್ನು, ಕೈಯಲ್ಲೇ ಹಿಡಿದು ಮೆಲ್ಲಗೆ ಮುಂದಕ್ಕೆ ಬಿಡುತ್ತಾರೆ. ಹಕ್ಕಿ ಎದುರಿಗೆ ಬಂದಾಗ ಟ್ರಿಗರ್ ಒತ್ತಿದರೆ 'ಢಂ' ಅನ್ನಬೇಕಾದ ಕೋವಿ 'ಕ್ಲಿಕ್' ಅಂದು ಸುಮ್ಮನಾಗುತ್ತದೆ. ಇಟಲಿಯ ಬೆನೆಲ್ಲಿ ಕೋವಿಗಳಲ್ಲಿ ಇದು ಎಷ್ಟು ಹೆಸರುವಾಸಿ ಎಂದರೆ, ಬೇಟೆಗಾರರು ಇದನ್ನು 'ಬೆನೆಲ್ಲಿ ಕ್ಲಿಕ್' ಎಂದೇ ಕರೆಯುತ್ತಾರೆ.

ತೋಟಾ ಹಾಳು ಎಂದು ಬೈಯುವವರಿದ್ದಾರೆ. ಎಣ್ಣೆ ಸಾಲದು ಎಂದು ಇನ್ನಷ್ಟು ಸುರಿಯುವವರಿದ್ದಾರೆ. ನಮ್ಮ ಕಡೆಯಾಗಿದ್ದರೆ ದೃಷ್ಟಿಯಾಗಿದೆ ಅಂತ ನಿಂಬೆಹಣ್ಣು ನಿವಾಳಿಸುತ್ತಿದ್ದರೇನೋ! ಎಷ್ಟೋ ಸಲ ಕೋವಿಯಲ್ಲಿ ಏನೂ ಕೆಟ್ಟಿರುವುದಿಲ್ಲ. ಮೆಲ್ಲಗೆ ಬಿಟ್ಟ ಆ ಕೈಯದೇ ತಪ್ಪು.

ಈ ಕೋವಿ ನಡೆಯುವುದೇ ಜಡತ್ವದಿಂದ. ಬಸ್ಸು ಸರ್ರನೆ ಹೊರಟಾಗ ನಿಂತವರು ಹಿಂದಕ್ಕೆ ವಾಲುತ್ತಾರೆ, ಅಲ್ವಾ? ಯಾರೂ ಅವರನ್ನು ತಳ್ಳಿಲ್ಲ. ಬಸ್ಸು ಹೋಯಿತು, ಅವರು ಇದ್ದಲ್ಲೇ ಉಳಿದರು, ಅಷ್ಟೇ. ಗುಂಡು ಹಾರಿದಾಗ ಕೋವಿ ಹಿಂದಕ್ಕೆ ಒದೆಯುತ್ತದೆ. ಒಳಗಿರುವ ಬೋಲ್ಟಿನ ಭಾರವಾದ ಮೈ ಮಾತ್ರ ಇದ್ದಲ್ಲೇ ಇರಲು ನೋಡುತ್ತದೆ. ಬೋಲ್ಟಿನ ತಲೆಗೂ ಮೈಗೂ ನಡುವೆ ಒಂದು ಗಟ್ಟಿ ಸ್ಪ್ರಿಂಗ್ ಇದೆ. ಅದು ಕೆಲವೇ ಮಿಲಿಮೀಟರ್ ಅಮುಕಿಕೊಂಡು, ಮರುಕ್ಷಣ ಮೈಯನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ತಲೆ ತಿರುಗಿ ಬೀಗ ಬಿಚ್ಚುತ್ತದೆ, ಖಾಲಿ ತೋಟಾ ಆಚೆ ಬೀಳುತ್ತದೆ.

ಬೀಗ ಅಂದೆನಲ್ಲ, ಅದು ನಮ್ಮ ಹಳೇ ಪಿನ್ ಬಲ್ಬಿನ ಥರ. ಬಲ್ಬನ್ನು ಹೋಲ್ಡರಿಗೆ ಒತ್ತಿ ತಿರುಗಿಸಿದರೆ ಎರಡು ಪಿನ್ನು ಕಚ್ಚುಗಳಲ್ಲಿ ಕೂರುತ್ತವೆ. ಅರ್ಧ ತಿರುಗಿಸಿ ಬಿಟ್ಟರೆ ದೀಪ ಹತ್ತದು. ಬೋಲ್ಟಿನ ತಲೆಯೂ ಹೀಗೇ ಕೊನೆಯಲ್ಲಿ ಒಂದು ತಿರುವು ತಿರುಗಬೇಕು. ಆದರೆ ಬೋಲ್ಟನ್ನು ಮುಂದಕ್ಕೆ ತಳ್ಳುವ ಇನ್ನೊಂದು ಸ್ಪ್ರಿಂಗಿನ ಬಲ ಆ ಹೊತ್ತಿಗೇ ಕಡಿಮೆಯಾಗಿರುತ್ತದೆ. ಸ್ಪ್ರಿಂಗ್ ಬಿಚ್ಚಿಕೊಂಡಷ್ಟೂ ಅದರ ಒತ್ತಡ ಇಳಿಯುತ್ತದೆ. ಆ ತಿರುವನ್ನು ಮುಗಿಸುವುದು ಓಡಿಬಂದ ಬೋಲ್ಟಿನ ವೇಗ. ಕಾರಿನ ಬಾಗಿಲನ್ನು ಮೆಲ್ಲಗೆ ಒರಗಿಸಿದರೆ ಲಾಕ್ ಬೀಳುತ್ತದೆಯೇ?

ಕೋವಿಯ ಹಿಂಬದಿ ನೆಲಕ್ಕೆ ಕುಕ್ಕಿದರೂ ಇದೇ ಪಾಡು. ಸಡಿಲವಾದ ಕೊಡಲಿಯ ಕಾವನ್ನು ಕಲ್ಲಿಗೆ ಕುಟ್ಟಿದರೆ ಕೊಡಲಿ ಕೆಳಗಿಳಿದು ಬಿಗಿಯಾಗುತ್ತದೆ. ಇಲ್ಲಿ ಇಳಿಯುವುದು ಬೋಲ್ಟಿನ ಮೈ. ಅಲ್ಲಿ ಕೊಡಲಿ ಬಿಗಿಯಾದರೆ ಇಲ್ಲಿ ಬೀಗ ಸಡಿಲವಾಗುತ್ತದೆ.

ಅಂದಹಾಗೆ, ಅಮೆರಿಕದ ಕೋವಿ ವಿನ್ಯಾಸಕ ಜಾನ್ ಬ್ರೌನಿಂಗ್ 1900ರಲ್ಲಿ ಪೇಟೆಂಟ್ ಪಡೆದ ಕೋವಿಯಲ್ಲಿ ಬ್ಯಾರಲ್ಲೇ ಬೋಲ್ಟಿನ ಜೊತೆ ಹಿಂದಕ್ಕೆ ಸರಿಯುತ್ತಿತ್ತು. ಅದನ್ನು ತಯಾರಿಸಲು ವಿಂಚೆಸ್ಟರ್ ಕಂಪನಿ ಜೊತೆ ನಡೆದ ಹಣದ ಮಾತು ಮುರಿಯಿತು. 1902ರಲ್ಲಿ ಇನ್ನೊಂದು ಕೋವಿ ಕಂಪನಿ ರೆಮಿಂಗ್ಟನ್ನಿನ ಕಚೇರಿಗೆ ಹೋದರೆ, ಇವರು ಕಾಯುತ್ತಿರುವಾಗಲೇ ಅಧ್ಯಕ್ಷರು ಹೃದಯಾಘಾತದಿಂದ ತೀರಿಕೊಂಡರು. ಬ್ರೌನಿಂಗ್ ಹಡಗು ಹತ್ತಿ ಬೆಲ್ಜಿಯಮ್ಮಿಗೆ ಹೋದರು. ಆ ಕೋವಿ 1998ರ ತನಕ ತಯಾರಾಯಿತು. ಬ್ಯಾರಲ್ ಅಲುಗದೆ ಬರೀ ಜಡತ್ವದಿಂದ ನಡೆಯುವ ಈಗಿನ ಉಪಾಯ ಇಟಲಿಯ ಬ್ರೂನೊ ಚಿವೊಲಾನಿ ಅವರದು. ಬೆನೆಲ್ಲಿ ಅದನ್ನು ಹಿಡಿದುಕೊಂಡು 1967ರಲ್ಲಿ ಉರ್ಬಿನೊದಲ್ಲಿ ಶುರುವಾಯಿತು.

ಈಗ ರಿಪೇರಿಯ ಮಾತು. ಕ್ಲಿಕ್ ಅಂದ ಕೂಡಲೇ ಬೋಲ್ಟ್ ಎಳೆಯಬಾರದು. ಕೋವಿಯ ಬಾಯಿಯನ್ನು ಯಾರೂ ಇಲ್ಲದ ಕಡೆಗೆ ಹಿಡಿದು ಅರ್ಧ ನಿಮಿಷ ಕಾಯಬೇಕು. ಕೆಲವೊಮ್ಮೆ ತೋಟಾ ತಡವಾಗಿ ಸಿಡಿಯುತ್ತದೆ. ಆಮೇಲೆ ತೋಟಾ ತೆಗೆದು ಅದರ ತಳ ನೋಡಿ. ನಡುವೆ ಆಳವಾಗಿ ಕುಳಿ ಬಿದ್ದಿದ್ದರೆ ತೋಟಾ ಮೇಲೆ ಅನುಮಾನ ಪಡಬಹುದು. ಗುರುತೇ ಇಲ್ಲದಿದ್ದರೆ ಬೀಗ ಕೂತಿರಲಿಲ್ಲ ಎಂದೇ ಮೊದಲು ಅನುಮಾನಿಸಬೇಕು. ಬೀಗ ಕೂರದೆ ಸಿಡಿಯದಿರುವುದು ದೋಷವಲ್ಲ, ಕಾವಲು. ಸಿಡಿದಿದ್ದರೆ ಅದು ನಿಮ್ಮ ಮುಖದ ಪಕ್ಕದಲ್ಲಿ.

ಮೆಲ್ಲಗೆ ಬಿಡದಿದ್ದರೂ ಮುಚ್ಚುತ್ತಿಲ್ಲವೇ? ಕೋವಿ ಪೂರ್ತಿ ಖಾಲಿ ಮಾಡಿ, ಬೋಲ್ಟನ್ನು ಹಿಂದಕ್ಕೆಳೆದು ಬಿಡಿ. ಖಾಲಿಯಿದ್ದಾಗಲೂ ತಡವರಿಸಿದರೆ, ಭುಜಕ್ಕೆ ಒರಗುವ ಹಿಡಿಯೊಳಗೆ, ಬೋಲ್ಟನ್ನು ಮುಂದಕ್ಕೆ ತಳ್ಳುವ ಸ್ಪ್ರಿಂಗಿನ ಕೊಳವೆಯಲ್ಲಿ ತುಕ್ಕೋ ಅಂಟೋ ಇರಬೇಕು. ಬಾತುಬೇಟೆಯ ಕೋವಿಗಳಿಗೆ ಇದು ಜಾಸ್ತಿ. ಆ ಕೊಳವೆಯನ್ನು ಬಿಚ್ಚಿ ನೋಡುವವರು ಕಡಿಮೆ. ಎಣ್ಣೆ ಸುರಿದಷ್ಟೂ ಧೂಳು ಸೇರಿ ಅಂಟಾಗುತ್ತದೆ, ಚಳಿಯಲ್ಲಂತೂ ಗಟ್ಟಿಯಾಗುತ್ತದೆ. ಒರೆಸಿ ತೆಳುವಾಗಿ ಸವರಿದರೆ ಸಾಕು. ಖಾಲಿಯಿದ್ದಾಗ ಚೆನ್ನಾಗಿ ಮುಚ್ಚಿ, ಡಮ್ಮಿ (ಮದ್ದಿಲ್ಲದ) ತೋಟಾ ಹಾಕಿದಾಗ ನಿಂತರೆ ಚೇಂಬರ್, ಅಂದರೆ ಬ್ಯಾರಲ್ಲಿನಲ್ಲಿ ತೋಟಾ ಕೂರುವ ಜಾಗದ ಕಡೆ ನೋಡಿ. ಅಲ್ಲಿ ತೋಟಾಗಳಿಂದ ಕರಗಿದ ಪ್ಲಾಸ್ಟಿಕ್ಕಿನ ಪದರ ಕೂತಿರಬಹುದು. ಬ್ಯಾರಲ್ ಬಿಚ್ಚಿ ಬಾಯಿ ಕೆಳಗೆ ಮಾಡಿ ಡಮ್ಮಿ ಹಾಕಿ. ತನ್ನ ಭಾರಕ್ಕೇ ಅದು ಟಪ್ಪನೆ ಕೂರಬೇಕು, ಬ್ಯಾರಲ್ ತಿರುಗಿಸಿದರೆ ಹಾಗೇ ಜಾರಿ ಹೊರಬರಬೇಕು.

2017ರ ಸೂಪರ್ ಬ್ಲ್ಯಾಕ್ ಈಗಲ್ 3 ಮಾದರಿಯಲ್ಲಿ ಬೆನೆಲ್ಲಿಯವರು ಬೋಲ್ಟಿನ ತಲೆ ಕೊನೆಯ ತಿರುವು ಮುಗಿಸಲೆಂದು ಸ್ಪ್ರಿಂಗ್ ಒತ್ತುವ ಪುಟ್ಟ ಗೋಲಿಯೊಂದನ್ನು ಸೇರಿಸಿದರು. ಹಳೆಯ ಕೋವಿ ಇರುವವರು ಬೋಲ್ಟನ್ನು ಹಿಂದಿನಿಂದ ಸದ್ದಾಗುವ ಹಾಗೇ ಬಿಡಬೇಕು. ಮೆಲ್ಲಗೇ ಬಿಡುತ್ತೇನೆ ಎಂದರೆ ಕೊನೆಗೆ ಬೋಲ್ಟಿನ ಹಿಡಿಕೆಯನ್ನು ಹೆಬ್ಬೆರಳಿನಿಂದ ಮುಂದಕ್ಕೆ ಒಮ್ಮೆ ಒತ್ತಿ ನೋಡಬೇಕು. ಕೂದಲೆಳೆಯಷ್ಟು ಸರಿದರೂ, ಅದು ಇನ್ನೂ ಮುಚ್ಚಿರಲಿಲ್ಲ.