ಓಬಿ ಲೈಟ್ ಮತ್ತು ಮರ್ಲ್ ಒಬೆರಾನ್

ಕ್ಲೋಸಪ್ ತೆಗೆಯುವಾಗ ಕ್ಯಾಮೆರಾದ ಮೇಲೆ, ಲೆನ್ಸ್‌ಗೆ ಒತ್ತಿಕೊಂಡಂತೆ ಒಂದು ಪುಟ್ಟ ಲೈಟ್ ಕಟ್ಟುತ್ತೇವೆ. ಅದಕ್ಕೆ ಓಬಿ ಎನ್ನುತ್ತಾರೆ. ಅದು ಹಾಲಿವುಡ್ ನಟಿ ಮರ್ಲ್ ಒಬೆರಾನ್ ಹೆಸರಿನಿಂದ ಬಂದದ್ದು, ಆಕೆ ಹುಟ್ಟಿದ್ದು ಮುಂಬೈಯಲ್ಲಿ ಎಂದರೆ ನನ್ನ ಅಸಿಸ್ಟೆಂಟ್ ಹುಡುಗರು ನಂಬುವುದೇ ಇಲ್ಲ.

ಮೊದಲು ಆ ಲೈಟ್‌ನ ಕೆಲಸ ಹೇಳಿಬಿಡುತ್ತೇನೆ. ಕೆನ್ನೆಯ ಮೇಲೊಂದು ಸಣ್ಣ ಗುಳಿಯಿದೆ ಎಂದುಕೊಳ್ಳಿ. ಪಕ್ಕದಿಂದ ಬೆಳಕು ಬಿದ್ದರೆ ಗುಳಿಯ ಅಂಚಿನ ನೆರಳು ಒಳಗೆ ಬಿದ್ದು, ಕಲೆ ಎದ್ದು ಕಾಣುತ್ತದೆ. ಬೆಳಕು ಲೆನ್ಸ್ ಇರುವ ಕಡೆಯಿಂದಲೇ ಬಂದರೆ ನೆರಳು ಕ್ಯಾಮೆರಾಕ್ಕೆ ಕಾಣದ ಕಡೆ ಸರಿಯುತ್ತದೆ, ಗುಳಿ ಮಾಯ. ಕ್ಯಾಮೆರಾ ಇಟ್ಟ ಟ್ರಾಲಿ ಮುಂದೆ ಹೋದಂತೆ ಲೈಟೂ ಮುಖದ ಹತ್ತಿರ ಬರುತ್ತದಲ್ಲ, ಆಗ ಅದರ ಬೆಳಕನ್ನು ಮೆಲ್ಲಗೆ ತಗ್ಗಿಸುತ್ತಾ ಹೋಗಬೇಕು. ಇಲ್ಲದಿದ್ದರೆ ಮುಖ ಸುಣ್ಣ ಬಳಿದಂತಾಗುತ್ತದೆ.

ಮರ್ಲ್ ಒಬೆರಾನ್ ಮುಖಕ್ಕೆ 1937ರಲ್ಲಿ ಲಂಡನ್‌ನ ಕಾರು ಅಪಘಾತದಲ್ಲಿ ಗಾಯವಾಗಿತ್ತು. ಛಾಯಾಗ್ರಾಹಕ ಲೂಸಿಯನ್ ಬಲ್ಲಾರ್ಡ್ 1944ರ ‘ದಿ ಲಾಡ್ಜರ್’ ಚಿತ್ರಕ್ಕೆ ಈ ಲೈಟ್ ರೂಪಿಸಿದ್ದು ಆ ಕಲೆಗಳಿಗಾಗಿಯೇ. ಮರುವರ್ಷ ಇಬ್ಬರೂ ಮದುವೆಯಾದರು.

ಆದರೆ ಆಕೆ ಬಚ್ಚಿಡಬೇಕಾಗಿದ್ದದ್ದು ಕಲೆಯೊಂದೇ ಅಲ್ಲ. 1911ರಲ್ಲಿ ಹುಟ್ಟಿದಾಗ ಹೆಸರು ಎಸ್ಟೆಲ್ ಮರ್ಲ್ ಥಾಂಪ್ಸನ್. ಮನೆಯಲ್ಲಿ ಕರೆಯುತ್ತಿದ್ದದ್ದು ಕ್ವೀನಿ. ಸಾಕಿದ್ದು ಸಿಲೋನ್ ಮೂಲದ ಶಾರ್ಲೆಟ್. ಜನನ ಪತ್ರದಲ್ಲಿ ತಾಯಿಯೆಂದು ಬರೆದಿರುವುದು ಶಾರ್ಲೆಟ್ ಅಲ್ಲ, ಆಕೆಯ ಮಗಳು, ಇನ್ನೂ ಹರೆಯಕ್ಕೆ ಕಾಲಿಡುತ್ತಿದ್ದ ಕಾನ್‌ಸ್ಟನ್ಸ್. ಮರ್ಲ್‌ಗೆ ಆಕೆ ಅಕ್ಕ ಎಂದೇ ಹೇಳಿದ್ದರು. ಬಾಲ್ಯ ಕಲ್ಕತ್ತೆಯಲ್ಲಿ ಕಳೆಯಿತು.

ಯುರೋಪಿಗೆ ಹೋದ ಮೇಲೆ ನಿರ್ಮಾಪಕ ಅಲೆಕ್ಸಾಂಡರ್ ಕೊರ್ಡಾ ಕಣ್ಣಿಗೆ ಬಿದ್ದರು. 1933ರಲ್ಲಿ ಇಂಗ್ಲೆಂಡಿನ ದೊರೆ ಎಂಟನೇ ಹೆನ್ರಿಯ ಕುರಿತ ಚಿತ್ರದಲ್ಲಿ ಅವನ ರಾಣಿ ಆನ್ ಬೊಲಿನ್ ಪಾತ್ರ ಸಿಕ್ಕಿತು. 1935ರ ‘ದಿ ಡಾರ್ಕ್ ಏಂಜಲ್’ ಚಿತ್ರಕ್ಕೆ ಆಸ್ಕರ್ ನಾಮನಿರ್ದೇಶನ ಬಂತು. ಪ್ರಚಾರದವರು ಆಕೆಯ ಹುಟ್ಟೂರನ್ನು ಆಸ್ಟ್ರೇಲಿಯಾದ ದೂರದ ದ್ವೀಪ ಟಾಸ್ಮೇನಿಯಾ ಮಾಡಿದರು. ಆಗ ಚಿತ್ರಗಳಲ್ಲಿ ಏನು ತೋರಿಸಬಾರದೆಂದು ಹೇಳುವ ಹಾಲಿವುಡ್‌ನ ನೀತಿ ಸಂಹಿತೆ ತೆರೆಯ ಮೇಲೆ ಬಿಳಿಯರು–ಕರಿಯರ ನಡುವಿನ ಸಂಬಂಧವನ್ನೇ ನಿಷೇಧಿಸಿತ್ತು. ಮಿಶ್ರ ವಂಶದವಳೆಂದು ಗೊತ್ತಾದರೆ ನಾಯಕಿಯ ಪಾತ್ರ ಕೈಬಿಟ್ಟು ಹೋಗುತ್ತಿತ್ತು. ಇದನ್ನು ಆಕೆಯ ಸುಳ್ಳು ಎಂದು ಬರೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅನ್ನ ಬೇಕಿದ್ದವಳಿಗೆ ಬೇರೆ ದಾರಿ ಯಾರು ಬಿಟ್ಟಿದ್ದರು?

ನಾನಂತೂ 1939ರ ‘ವದರಿಂಗ್ ಹೈಟ್ಸ್’ ಚಿತ್ರವನ್ನು ಬಿಡುವಾದಾಗಲೆಲ್ಲ ನೋಡುತ್ತೇನೆ. ಗ್ರೆಗ್ ಟೋಲಂಡ್‌ಗೆ ಛಾಯಾಗ್ರಹಣದ ಆಸ್ಕರ್ ತಂದುಕೊಟ್ಟ ಚಿತ್ರ. ಅದರಲ್ಲಿ ನೆರಳಿದೆ, ಆ ನೆರಳಿನಲ್ಲೇ ಮರ್ಲ್ ಮುಖದ ಮೂಳೆಯ ಅಂದ ಕಾಣುತ್ತದೆ. ಎದುರಿನ ಬೆಳಕು ಕಲೆಯ ಜೊತೆಗೆ ಈ ಆಕಾರವನ್ನೂ ಅಳಿಸುತ್ತದೆ. ಚರ್ಮದ ಬಣ್ಣವನ್ನು ಮಾತ್ರ ಅದು ಬದಲಿಸುವುದಿಲ್ಲ; ಎಕ್ಸ್‌ಪೋಷರ್, ಅಂದರೆ ಫಿಲ್ಮ್ ಮೇಲೆ ಬೀಳುವ ಬೆಳಕಿನ ಪ್ರಮಾಣ, ಏರಿಸಿದಾಗಷ್ಟೇ ಮುಖ ತಿಳಿಯಾಗುವುದು. ‘ಹೀರೋಯಿನ್‌ನ ಇನ್ನೂ ಸ್ವಲ್ಪ ಬೆಳ್ಳಗೆ ತೋರಿಸಿ ಸರ್’ ಅನ್ನುವ ಮಾತು ಇವತ್ತಿಗೂ ಸೆಟ್‌ನಲ್ಲಿ ನನ್ನ ಕಿವಿಗೆ ಬೀಳುತ್ತದೆ.

ಶಾರ್ಲೆಟ್ ಮರ್ಲ್ ಜೊತೆಗೇ ಇದ್ದರು. ಬಂದವರ ಮುಂದೆ ಮನೆಗೆಲಸದವಳೆಂದು ತೋರಿಸಿಕೊಳ್ಳುತ್ತಿದ್ದರು. 1937ರಲ್ಲಿ ತೀರಿಕೊಂಡರು. 1949ರಲ್ಲಿ ಮರ್ಲ್ ಒಂದು ಹಳೆಯ ಫೋಟೊ ಕೊಟ್ಟು ಅವರ ಚಿತ್ರ ಬರೆಸಿದರು, ಮೈಬಣ್ಣ ತಿಳಿಯಾಗಿಸಿ. 1979ರಲ್ಲಿ ಮರ್ಲ್ ಸಾಯುವವರೆಗೂ ಅದು ಅವರ ಮನೆಯ ಗೋಡೆಯ ಮೇಲಿತ್ತು.