ಪತ್ತು ಹೋದದ್ದು, ಮಾನ ಹೋದದ್ದು

ಡಿಸ್‌ಕ್ರೆಡಿಟ್ ಎಂಬ ಇಂಗ್ಲಿಷ್ ಪದ ಕನ್ನಡಕ್ಕೆ ಬರುವಾಗ ಮೇಲಿಂದ ಮೇಲೆ ದಾರಿ ತಪ್ಪುತ್ತದೆ. ಪುರಾವೆಗೆ ನಿಲ್ಲದ ಸಿದ್ಧಾಂತ 'ಕುಖ್ಯಾತ ಸಿದ್ಧಾಂತ' ಆಗುತ್ತದೆ. ಪಾಟೀಸವಾಲಿನಲ್ಲಿ ಸಾಕ್ಷಿ ಎಡವಿದರೆ ಅವನ 'ಮಾನಹಾನಿ' ಆಯಿತು ಎಂದು ಬರೆದುಬಿಡುತ್ತೇವೆ. ಹೋದದ್ದು ಮಾನವಲ್ಲ, ನಂಬಿಕೆ. ಅದಕ್ಕೆ ಹುಬ್ಬಳ್ಳಿ, ಗದಗದ ಪೇಟೆಯಲ್ಲಿ ಮೊದಲಿನಿಂದಲೂ ಒಂದು ಮಾತಿದೆ: ಪತ್ತು.

ಲ್ಯಾಟಿನ್ನಿನ ಕ್ರೆಡೆರೆ ಎಂದರೆ ನಂಬು. ಅದರಿಂದ ಹುಟ್ಟಿದ ಕ್ರೆಡಿಟ್ ನಂಬಿಕೆಯೂ ಹೌದು, ನಂಬಿ ಕೊಟ್ಟ ಸಾಲವೂ ಹೌದು. 16ನೇ ಶತಮಾನದ ಹೊತ್ತಿಗೆ ಅದಕ್ಕೆ ಡಿಸ್ ಅಂಟಿತು. ನಮ್ಮ ಪತ್ತು, ಮರಾಠಿಯ ಪತ ಕೂಡ ಹೀಗೇ ಎರಡೂ ಅರ್ಥ ಹೊತ್ತ ಪದಗಳು.

ಮಾನ, ನಂಬಿಕೆ ಎರಡನ್ನೂ ಕಾನೂನು ಬೇರೆಬೇರೆ ಇಟ್ಟಿತ್ತು. 1860ರ ದಂಡಸಂಹಿತೆಯ 499ನೇ ಕಲಮು ಹೆಸರು ಕೆಡಿಸಿದವರ ಬಗ್ಗೆ. 1872ರ ಸಾಕ್ಷ್ಯ ಕಾಯ್ದೆಯ 155ನೇ ಕಲಮು ಸಾಕ್ಷಿಯ ಮಾತನ್ನು ನಂಬಬಹುದೇ ಎಂಬುದರ ಬಗ್ಗೆ. 2024ರ ಜುಲೈಯಿಂದ ಎರಡರ ಜಾಗಕ್ಕೂ ಹೊಸ ಕಾನೂನುಗಳು ಬಂದಿವೆ. ಅನುವಾದದ ಗೊಂದಲ ಮಾತ್ರ ಹಾಗೇ ಇದೆ.

ಪತ್ತಿನ ನಿಜವಾದ ತೂಕ ಗೊತ್ತಾಗಬೇಕಾದರೆ ಗದಗ ತಾಲೂಕಿನ ಕಣಗಿನಹಾಳಕ್ಕೆ ಹೋಗಬೇಕು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಮರುವರ್ಷವೇ ಸಿದ್ದನಗೌಡ ಪಾಟೀಲರ ಮುಂದಾಳತ್ವದಲ್ಲಿ ಇಲ್ಲಿ ಸಂಘ ಕಟ್ಟಿದರು. ಆ ಕಾಯ್ದೆಯಡಿ ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಬಾಕಿ ಎಲ್ಲರ ಹೆಗಲಿಗೆ. ಹೀಗಾಗಿ ಸಾಲ ಕೇಳಿದವನ ಹೊಲ ಎಷ್ಟು ಕೂರಿಗೆ ಎನ್ನುವುದರ ಜೊತೆಗೆ ಮನುಷ್ಯ ಎಂಥವನು ಎನ್ನುವುದನ್ನೂ ನೋಡಲೇಬೇಕಿತ್ತು. ಒಬ್ಬನ ಪತ್ತು ಊರಿನ ಪತ್ತು. 'ಪತ್ತಿನ ಸಹಕಾರಿ ಸಂಘ' ಎಂಬ ಬೋರ್ಡು ಈ ಭಾಗದ ಓಣಿ ಓಣಿಯಲ್ಲಿ ಈಗಲೂ ಉಂಟು. ಮೊದಲ ಪದದ ಅರ್ಥ ಕೇಳಿದರೆ ಹುಡುಗರು ಸಾಲ ಅನ್ನುತ್ತಾರೆ. ಒಳಗಿದ್ದ ನಂಬಿಕೆ ಮರೆತುಹೋಗಿದೆ, ಅದೇ ನನಗೆ ಸಂಕಟ.

ಹುಬ್ಬಳ್ಳಿಯ ದುರ್ಗದ ಬೈಲಿನ ಒಂದು ಕಿರಾಣಿ ಅಂಗಡಿಯಲ್ಲಿ ಹಿರಿಯರೊಬ್ಬರು ಉದ್ರಿ ಖಾತೆಯ ಕೆಂಪು ಪುಸ್ತಕ ತಿರುವುತ್ತಿದ್ದರು. ಒಂದು ಹೆಸರಿನ ಮೇಲೆ ಬೆರಳಿಟ್ಟು ನಿಂತರು. "ಎರಡು ವರ್ಷ ಮಳಿ ಕೈ ಕೊಡ್ತು. ಇವನ ಪತ್ತ ಹೋತ್ರಿ. ಮನಷ್ಯಾ ಏನ ಕೆಟ್ಟಾಂವಲ್ಲ." ಪತ್ತು ಹೋಗಿಯೂ ಮಾನ ಉಳಿಯಬಹುದು ಎನ್ನುವುದನ್ನು ಯಾವ ನಿಘಂಟೂ ಇಷ್ಟು ಸ್ವಚ್ಛವಾಗಿ ನನಗೆ ತಿಳಿಸಿರಲಿಲ್ಲ. ಇಂಗ್ಲಿಷಿನ ಡಿಸ್‌ಗ್ರೇಸ್‌ಗೂ ಡಿಸ್‌ಕ್ರೆಡಿಟ್‌ಗೂ ಇರುವ ಅಂತರ ಇದೇ.

2000ದಲ್ಲಿ, ಸಾಲ ತೀರಿಸಿದವರ, ತೀರಿಸದವರ ದಾಖಲೆ ಇಡುವ ಸಿಬಿಲ್ ಸಂಸ್ಥೆ ಸ್ಥಾಪನೆಯಾಯಿತು. ಪತ್ತು ಈಗ 300ರಿಂದ 900ರವರೆಗಿನ ಒಂದು ಅಂಕಿ. ಟ್ರ್ಯಾಕ್ಟರ್ ಸಾಲಕ್ಕೆ ಬ್ಯಾಂಕಿಗೆ ಹೋದ ರೈತ ಹೊರಗೆ ಬಂದು "ಸಿಬಿಲ್ ಕೆಟ್ಟೈತಂತ" ಎನ್ನುತ್ತಾನೆ. ಮಳೆ ಬರಲಿಲ್ಲ ಎಂಬುದು ಆ ಅಂಕಿಯಲ್ಲಿ ಕಾಣುವುದಿಲ್ಲ. ಕೆಂಪು ಪುಸ್ತಕದ ಮುಂದೆ ಕುಳಿತವರಿಗೆ ಗೊತ್ತಿತ್ತು.